ಕಲ್ಲುಕಂಬಗಳ ನಡುವಿನ ಟ್ರ್ಯಾಕ್ಟರ್

ಪಂಚಾಕ್ಷರಿ ಪೆಡಲನ್ನು ಕೊನೆಯವರೆಗೂ ಒತ್ತಿ ಹಿಡಿದ. ಇಂಜಿನ್ ಗುಡುಗುತ್ತಲೇ ಇತ್ತು, ಚಕ್ರಗಳು ಮಾತ್ರ ಮಿಸುಕಲಿಲ್ಲ. ಹತ್ತಿದೊಡನೆ ತಾನೇ ಬಿಟ್ಟಿದ್ದ ಬ್ರೇಕನ್ನು ಇನ್ನೊಮ್ಮೆ ನೋಡಿದ, ಬಿಟ್ಟೇ ಇತ್ತು.

"ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ," ಎಂದು ಇಂಜಿನ್ ನಿಲ್ಲಿಸಿ ಕೆಳಗಿಳಿದ.

ಹಲಸೂರು ಕೆರೆಯ ಹಿಂಬದಿಯ ಆ ಹಳೆಯ ಬಂಗಲೆಯ ಹುಲ್ಲುಹಾಸು ಆರತಕ್ಷತೆಗಳಿಗೆ ಬಾಡಿಗೆಗೆ ಹೋಗುತ್ತಿತ್ತು. ಹಿತ್ತಲಿನಲ್ಲಿ ಬಾಡಿಗೆಯ ಸಾಲುಮನೆಗಳು. ಹಿತ್ತಲಿನಿಂದ ಹುಲ್ಲುಹಾಸಿಗೂ ರಸ್ತೆಗೂ ಇದ್ದದ್ದು ಎರಡು ಕಲ್ಲುಕಂಬಗಳ ನಡುವಿನ ಒಂದೇ ದಾರಿ. ಹುಲ್ಲು ಕೊಯ್ಯುವ ಪುಟ್ಟ ಟ್ರ್ಯಾಕ್ಟರ್ ಸರಿಯಾಗಿ ಅಲ್ಲೇ, ಸೀಸೆಯ ಬಾಯಿಗೆ ಬಿರಡೆಯಂತೆ, ಕೂತುಬಿಟ್ಟಿತ್ತು. ಅದನ್ನು ನಡೆಸುತ್ತಿದ್ದ ಮಾಲಿ ಅಂಬಣ್ಣ ನಿನ್ನೆ ಬೆಳಗ್ಗೆ ಅದರ ಪಕ್ಕದಲ್ಲೇ ಕಂಬಕ್ಕೊರಗಿ ಕುಳಿತಲ್ಲೇ ತೀರಿಕೊಂಡಿದ್ದ. ಎದೆ ನಿಂತಿದೆ ಎಂದರು ಡಾಕ್ಟರು. ಈಗ ಅವನನ್ನು ಮನೆಯವರು ತಮ್ಮ ಪದ್ಧತಿಯಂತೆ ಕುರ್ಚಿಯಲ್ಲಿ ಕೂರಿಸಿ, ಬಿದಿರು ಕಟ್ಟಿ, ಚೆಂಡುಹೂವಿನಿಂದ ಮುಚ್ಚಿದ್ದರು. ಒಬ್ಬೊಬ್ಬರೇ ನುಸುಳಿಹೋಗುವಷ್ಟು ಸಂದಿತ್ತೇ ಹೊರತು, ನಾಲ್ವರು ಹೊರುವ ಅಷ್ಟಗಲದ ಬಿದಿರಿನ ಕುರ್ಚಿ ಆ ದಾರಿಯಲ್ಲಿ ಹಿಡಿಸುವಂತಿರಲಿಲ್ಲ.

"ಹೋಯ್ತಾ ಗೇರ್‌ಬಾಕ್ಸು?" ಬಂಗಲೆ ನೋಡಿಕೊಳ್ಳುವ ಕೇದಾರ್ ಕೇಳಿದ. "ನೀವು ಯಾವಾಗ್ಲೂ ಹೇಳ್ತಿದ್ರಲ್ಲ ಮೇಸ್ತ್ರಿ, ಇವತ್ತು ಹೋಗುತ್ತೆ, ನಾಳೆ ಹೋಗುತ್ತೆ ಅಂತ. ಹಂಗಾದ್ರೆ ಗುಜರಿಗೆ ಹಾಕ್ಬಿಡೋಣ. ಈಗ ಎಲ್ರೂ ಸೇರಿ ಎಳೆದ್ಬಿಡಿ."

"ಎಳೀಬ್ಯಾಡ್ರಿ," ಎಂದಳು ಸಾಬಮ್ಮ. ಗಂಡನ ಕುರ್ಚಿಯ ಬುಡದಲ್ಲಿ ಕುಳಿತಿದ್ದವಳು ತಲೆ ಎತ್ತಿರಲಿಲ್ಲ. "ಎಳದ್ರ ಒಳಗಿಂದು ಹಾಳಾಗ್ತದಂತ ಎಷ್ಟು ಮಂದಿಗೆ ಬೈದಾರ ಅವ್ರು. ಇವತ್ತ ಅವರ ಕಣ್ಮುಂದ ಎಳೀತೀರೇನು? ಪಂಚಾಕ್ಷರಣ್ಣ ಒಬ್ಬರೇ ಮುಟ್ಟಲಿ."

ಪಂಚಾಕ್ಷರಿಯನ್ನು ಶಿವಾಜಿನಗರದ ಅವನ ಪಂಪು ರಿಪೇರಿ ಅಂಗಡಿಯಿಂದ ಕರೆಸಿದವಳೂ ಅವಳೇ.

"ಯಜಮಾನನ್ನ ಕಳಸಾಕ ಗಾಡಿಗೆ ಮನಸ್ಸಿಲ್ಲ ನೋಡ್ರಿ," ಎಂದ ಸುರಪುರದಿಂದ ಬಂದಿದ್ದ ಅವಳ ಮೈದುನ ದುರ್ಗೇಶ.

"ಇದರ ಮನಸ್ಸು ಎಣ್ಣೇಲಿರುತ್ತೆ ಗುರು. ಸ್ವಲ್ಪ ಸುಮ್ಮನಿರಿ," ಎಂದ ಪಂಚಾಕ್ಷರಿ.

*

ಆ ಗಾಡಿಗೆ ಗೇರುಗಳಿರಲಿಲ್ಲ. ಇಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಒತ್ತುತ್ತದೆ, ಆ ಒತ್ತಡಕ್ಕೆ ಚಕ್ರ ಉರುಳುತ್ತದೆ. ಹಿಂದೊಂದು ಬೇಸಿಗೆಯಲ್ಲಿ ಅದು ತಣ್ಣಗಿದ್ದಾಗ ಓಡಿ, ಬಿಸಿಯಾದೊಡನೆ ಸೋತು ನಿಲ್ಲತೊಡಗಿತು.

"ಪಂಪು ಸವೆದಿದೆ. ಬಿಚ್ಚು," ಎಂದಿದ್ದ ಪಂಚಾಕ್ಷರಿ.

"ನಿಮಗ ಬಿಚ್ಚೂದಂದ್ರ ಹಬ್ಬ ಮೇಸ್ತ್ರಿ," ಎಂದು ಅಂಬಣ್ಣ ನಕ್ಕಿದ್ದ. "ನೆಗಡಿ ಬಂದವನ ಹೊಟ್ಟಿ ಕೊಯ್ಯೂ ಪೈಕಿ ನೀವು. ಮೊದಲ ಹೊರಗ ನೋಡೂಣು."

ಅಂಬಣ್ಣ ಬೆಲ್ಟಿನ ಬಿಗಿ ನೋಡಿದ. ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಉಜ್ಜಿದ, ಮೂಸಿದ. ಆಮೇಲೆ ನೆಲದ ಮೇಲೆ ಅಂಗಾತ ಮಲಗಿ, ಪಂಪಿನ ಪೆಟ್ಟಿಗೆಯ ಮೇಲಿನ ಪುಟ್ಟ ಫ್ಯಾನಿನ ಸುತ್ತ ಒಣಹುಲ್ಲು ಗುಬ್ಬಿಗೂಡಿನಂತೆ ಕಟ್ಟಿಕೊಂಡಿದ್ದನ್ನು ಕಂಡು, ಬೇವಿನಕಡ್ಡಿಯಿಂದ ಎಳೆಎಳೆಯಾಗಿ ಬಿಡಿಸಿದ. ಗಾಳಿಯಾಡದೆ ಎಣ್ಣೆ ಕಾದು ನೀರಾಗುತ್ತಿತ್ತು, ಅಷ್ಟೇ. ಗಾಡಿ ಸಂಜೆಯವರೆಗೂ ಓಡಿತು.

"ನಾಳೆ ಕೆಡುತ್ತೆ, ನೋಡ್ತಿರು," ಎಂದು ಪಂಚಾಕ್ಷರಿ ಚೀಲ ಕಟ್ಟಿದ್ದ. ತನ್ನದು ತಪ್ಪೆಂದು ಅವನು ಯಾರ ಮುಂದೆಯೂ ಒಪ್ಪಿದವನಲ್ಲ. ಆದರೂ ಅಂದಿನಿಂದ ಯಾವುದೇ ಯಂತ್ರ ಬಿಚ್ಚುವ ಮೊದಲು ಅವನ ಕೈ ಒಂದು ಗಳಿಗೆ ತಡೆಯುತ್ತಿತ್ತು. ಅಂಬಣ್ಣನಿಗೆ ಅದನ್ನು ಹೇಳಿರಲಿಲ್ಲ.

*

ಈಗಲೂ ತಡೆಯಿತು. ಬೆಲ್ಟು ಬಿಗಿಯಾಗಿತ್ತು. ಫ್ಯಾನು ತೊಳೆದಿಟ್ಟ ಹಾಗಿತ್ತು. ಎಣ್ಣೆ ಗುರುತಿನ ಗೆರೆಯವರೆಗಿತ್ತು, ಜೇನಿನಂತೆ ತಿಳಿಯಾಗಿತ್ತು. ಇಷ್ಟು ಮುದ್ದಿನಿಂದ ಸಾಕಿದ ಯಂತ್ರ ಸಾಯುವುದಾದರೂ ಹೇಗೆ?

ಪಂಚಾಕ್ಷರಿ ಹಿಂಬದಿಗೆ ಹೋಗಿ ಮಂಡಿಯೂರಿದ. ಅಲ್ಲಿ ಕೊಂಡಿಯ ಕೆಳಗೆ ಬೆರಳುದ್ದದ ಒಂದು ಕಬ್ಬಿಣದ ಕಡ್ಡಿಯುಂಟು. ಅದನ್ನು ಹೊರಗೆಳೆದರೆ ಎಣ್ಣೆ ಪಂಪಿನ ಹಿಡಿತ ತಪ್ಪಿಸಿಕೊಂಡು ಸುಮ್ಮನೆ ಸುತ್ತುತ್ತದೆ. ಇಂಜಿನ್ ಎಷ್ಟೇ ಗುಡುಗಿದರೂ ಗಾಡಿ ಚಲಿಸದು, ಕೈಯಿಂದ ತಳ್ಳಿದರೆ ಮಾತ್ರ ಉರುಳುತ್ತದೆ.

ಕಡ್ಡಿ ಹೊರಗಿತ್ತು.

ವರ್ಷಕ್ಕೊಮ್ಮೆಯೂ ಬೇಕಾಗದ ಕಡ್ಡಿ ಅದು, ತುಕ್ಕು ಹಿಡಿದಿರಬೇಕು. ಇದು ದೇವರಮನೆಯ ಹಿತ್ತಾಳೆಯಂತೆ ಹೊಳೆಯುತ್ತಿತ್ತು. ದಿನದಿನವೂ ಬೆರಳು ಸವೆಸಿದ ಹೊಳಪು. ಎಳೆದಾಗ ಸದ್ದಾಗದಂತೆ ತುದಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿತ್ತು.

ಪಂಚಾಕ್ಷರಿ ಹಿಂತಿರುಗಿ ನೋಡಿದ. ಹಿತ್ತಲಿನಲ್ಲಿ ಗಾಡಿ ನಿಲ್ಲುವ ಶೆಡ್ಡಿಗೆ ಅಂಟಿಕೊಂಡೇ ರೇವತಿಯ ಕೋಣೆಯ ಕಿಟಕಿ. ಕಲಬುರಗಿಯ ಹುಡುಗಿ; ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ನರ್ಸು. ಬೆಳಗಿನ ಜಾವ ಬಂದು ಮಲಗುತ್ತಾಳೆ. ಅಂಬಣ್ಣ ಹುಲ್ಲಿಗಿಳಿಯುತ್ತಿದ್ದುದೂ ಅದೇ ಹೊತ್ತಿಗೆ.

ಆ ರೇವತಿ ಕಣ್ಣು ಊದಿಸಿಕೊಂಡು ಸಾಬಮ್ಮನ ಪಕ್ಕದಲ್ಲೇ ಕುಳಿತಿದ್ದಳು.

"ನಂದು ಹೆಣದಂಥಾ ನಿದ್ದಿ ಅಂಕಲ್," ಎಂದಳು, ಯಾರೂ ಕೇಳದಿದ್ದರೂ. "ಗ್ವಾಡಿಗೆ ಹತ್ತಿ ಗಾಡಿ ಚಾಲೂ ಆದ್ರೂ ಒಂದಿನಾನೂ ಎಚ್ಚರಾಗಿಲ್ಲ. ನಿನ್ನಿ ಕಾಕಾ ನನ್ನ ಕೂಗಿರಬೇಕು. ನರ್ಸಾಗಿ ಇಷ್ಟು ಸನಿ ಇದ್ದು, ಕೇಳಿಸ್ಲಿಲ್ಲ ನನಗ."

ಅವಳ ಗೋಡೆಯ ಪಕ್ಕ ಗಾಡಿ ಒಂದು ದಿನವೂ ಚಾಲೂ ಆಗಿರಲಿಲ್ಲ. ಆ ಭಾರವನ್ನು ಅಂಬಣ್ಣ ತಳ್ಳಿಕೊಂಡೇ ಕಂಬ ದಾಟುತ್ತಿದ್ದ. ನಿನ್ನೆ ದಾಟಲಾಗಲಿಲ್ಲ. ಬ್ರೇಕು ಹಾಕಿ, ಒರಗಿ ಕುಳಿತುಬಿಟ್ಟಿದ್ದ.

"ಏನು ಸಿಕ್ತು ಮೇಸ್ತ್ರಿ?" ಕೇದಾರ್ ಬಗ್ಗಿದ.

ಪಂಚಾಕ್ಷರಿಯ ಅಂಗೈ ಕಡ್ಡಿಯನ್ನು ಮುಚ್ಚಿತು. ನಿಜ ಹೇಳಿದರೆ ಈ ಹುಡುಗಿ ಇನ್ನು ಜನ್ಮದಲ್ಲಿ ನೆಮ್ಮದಿಯಿಂದ ಕಣ್ಣು ಮುಚ್ಚಲಾರಳು. ಪಂಪು ಸತ್ತಿದೆ ಎಂದರೆ ಎಲ್ಲರೂ ನಂಬುತ್ತಾರೆ, ತನ್ನ ಹಳೆಯ ಮಾತೂ ಗೆಲ್ಲುತ್ತದೆ. ಆದರೆ ಅಂಬಣ್ಣನ ಗಾಡಿ ಗುಜರಿಗೆ ಹೋಗುತ್ತದೆ, ಅದನ್ನು ಕಾಪಾಡಿದ ಅವನ ಹೆಸರಿನೊಡನೆ. ಹೂವಿನ ನಡುವಿನಿಂದ ಅಂಬಣ್ಣನ ಮುಖ ಎಂದಿನಂತೆ ತುಸು ಹಾಸ್ಯದಲ್ಲಿ ಅವನನ್ನೇ ನೋಡುತ್ತಿತ್ತು.

"ಎಣ್ಣೇಲಿ ಗಾಳಿ ಸೇರ್ಕೊಂಡಿದೆ," ಎಂದ ಪಂಚಾಕ್ಷರಿ. "ಹೋದ ವಾರ ಎಣ್ಣೆ ಹಾಕಿದ್ದು ನಾನು. ಗಾಳಿ ತೆಗೀದೆ ಮುಚ್ಬಿಟ್ಟೆ. ತಪ್ಪು ನಂದೇ."

"ನಿಮ್ದಾ?" ಕೇದಾರ್ ಹುಬ್ಬೇರಿಸಿದ. "ನೀವ್ ತಪ್ಪು ಒಪ್ಕೊಂಡಿದ್ದು ಇವತ್ತೇ ನೋಡಿದ್ದು ನಾನು."

"ನೋಡ್ಕೊಳಿ. ಗಾಡೀಲಿ ಒಂದು ದೋಷ ಇಲ್ಲ. ಅಂಬಣ್ಣ ಇಟ್ಕೊಂಡಿರೋ ಹಂಗೆ ನಾನು ನನ್ನ ಅಂಗಡಿ ಇಟ್ಕೊಂಡಿಲ್ಲ. ಗುಜರಿ ಮಾತು ಇನ್ನೊಂದ್ಸಲ ಆಡ್ಬೇಡಿ."

ಕುಳಿತು ಪೆಡಲನ್ನು ಹಿಂದಕ್ಕೂ ಮುಂದಕ್ಕೂ, ನಿಜಕ್ಕೂ ಗಾಳಿ ತೆಗೆಯುವವನಂತೆ, ತುಳಿದ. ಇಳಿದು, ಬಗ್ಗಿ, ಕಡ್ಡಿಯನ್ನು ಮೆಲ್ಲಗೆ ಒಳಗೊತ್ತಿದ. ಮತ್ತೆ ಹತ್ತಿ ಇಂಜಿನ್ ಚಾಲೂ ಮಾಡಿದ. ಟ್ರ್ಯಾಕ್ಟರ್ ಒಮ್ಮೆ ನಡುಗಿ, ಕಂಬಗಳ ನಡುವಿನಿಂದ ಹೊರಬಂದು ಹುಲ್ಲಿಗಿಳಿಯಿತು. ಹಿಂದೆಯೇ ಅಂಬಣ್ಣ, ನಾಲ್ಕು ಹೆಗಲ ಮೇಲೆ, ನೆಟ್ಟಗೆ ಕುಳಿತು ಹೊರಟ.

*

ಮಣ್ಣು ಮುಗಿಸಿ ಬಂದಾಗ ಮಧ್ಯಾಹ್ನ ಇಳಿದಿತ್ತು. ನಾಳೆ ಆರತಕ್ಷತೆಯಿದೆ, ಗಾಡಿಯನ್ನು ಶೆಡ್ಡಿಗೆ ಸೇರಿಸಿ ಹೋಗಿ ಎಂದಿದ್ದ ಕೇದಾರ್. ರೇವತಿಗೆ ರಜೆ ಸಿಕ್ಕಿರಲಿಲ್ಲ. ರಾತ್ರಿಪಾಳಿಗೆ ಮುಂಚೆ ಒಂದಿಷ್ಟು ಕಣ್ಣು ಮುಚ್ಚಲೆಂದು ಸಾಬಮ್ಮನೇ ಅವಳನ್ನು ಒಳಗೆ ಕಳಿಸಿದ್ದಳು. ಕಿಟಕಿಗೆ ಪರದೆ ಎಳೆದಿತ್ತು.

ಪಂಚಾಕ್ಷರಿ ಸೀಟಿನ ಮೇಲೆ ಕುಳಿತು ಕೀಲಿಗೆ ಕೈ ಹಾಕಿದ. ಕಿಟಕಿಯತ್ತ ನೋಡಿದ. ಕೈ ತೆಗೆದ.

ಇಳಿದು ಹಿಂದೆ ಹೋಗಿ, ಕಡ್ಡಿ ಎಳೆದು, ಮಡ್‌ಗಾರ್ಡಿಗೆ ಭುಜ ಕೊಟ್ಟು ತಳ್ಳಿದ. ಕಂಬದವರೆಗೆ ಬರುವಷ್ಟರಲ್ಲಿ ಅವನ ಅಂಗಿ ಒದ್ದೆಯಾಯಿತು. ಅಲ್ಲಿ ನೆಲ ಎರಡೂ ಕಡೆಯಿಂದ ತುಸು ಏರು, ಗಾಡಿ ನಿಂತಿತು. ಇದೇ ಜಾಗ.

ಮನೆ ತೊಳೆಯುತ್ತಿದ್ದ ಸಾಬಮ್ಮ ಹಸಿ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಕಿಟಕಿಯತ್ತ ಒಮ್ಮೆ ನೋಡಿ, ಪಿಸುಗುಟ್ಟಿದಳು:

"ಕಡ್ಡಿ ಪೂರಾ ಎಳದೀರಿಲ್ಲೋ, ಅಣ್ಣಾ?"

ಪಂಚಾಕ್ಷರಿ ಹೌದೆಂದು ತಲೆಯಾಡಿಸಿದ. ಅವಳು ಇನ್ನೊಂದು ಬದಿಗೆ ಭುಜ ಕೊಟ್ಟಳು. ಟ್ರ್ಯಾಕ್ಟರ್ ಕಂಬಗಳನ್ನು ದಾಟಿ, ಬೆಳಗಿನ ಚೆಂಡುಹೂಗಳ ಮೇಲೆ ಹಾದು, ಶೆಡ್ಡಿನತ್ತ ಉರುಳಿತು. ಪರದೆ ಅಲುಗಲಿಲ್ಲ.