ಇಸ್ತ್ರಿಯಮ್ಮನ ಬ್ಯಾಂಡು

ಇಸ್ತ್ರಿ ಅಂಗಡಿಯ ಶಟರಿಗೆ ಅಂಟಿಸಿದ್ದ ಪೋಸ್ಟರನ್ನು ಇಸ್ತ್ರಿಯಮ್ಮನ ಮಗಳು ಚಾಕುವಿನಿಂದ ಕೆರೆಯುತ್ತಿದ್ದಳು. ಮೇಲಿದ್ದ ನಾಲ್ಕು ಗಂಡಸರ ಮುಖಗಳು ಕಿತ್ತುಬಂದವು. ಕೆಳಗಿನ ದಪ್ಪ ಅಕ್ಷರ ಮಾತ್ರ ಹಟ ಹಿಡಿದು ಕೂತಿತ್ತು: ‘ಸಾಕು ನಿಲ್ಸಿ’.

“ಬಿಡಮ್ಮ, ಆಮೇಲೆ ನಾನು ನೀರು ಹಾಕಿ ಉಜ್ತೀನಿ,” ಎಂದ ಪಕ್ಕದ ಕ್ಷೌರದಂಗಡಿಯವನು. “ಒಳಗೆ ಜನ ಕಾಯ್ತಿದ್ದಾರೆ.”

“ಅಮ್ಮನ್ನ ಇದರ ಮುಂದೇನೇ ತಾನೆ ತಗೊಂಡು ಹೋಗೋದು? ಇವತ್ತೊಂದು ದಿನ ಆದ್ರೂ ಇದು ಇರಬಾರ್ದು.”

ರಾಕ್ ಬ್ಯಾಂಡುಗಳಿಗೆ ಹೆಸರು ಹುಟ್ಟುವ ಬಗೆಯೇ ವಿಚಿತ್ರ. ಕೆಲವರು ಕಣ್ಣು ಮುಚ್ಚಿ ನಿಘಂಟಿನ ಮೇಲೆ ಬೆರಳಿಡುತ್ತಾರೆ, ಕೆಲವರು ಲಾರಿಯ ಹಿಂದೆ ಬರೆದದ್ದನ್ನು ಎತ್ತಿಕೊಳ್ಳುತ್ತಾರೆ. ಈ ಗಲ್ಲಿಯ ನಾಲ್ವರು ಹುಡುಗರು ಇಸ್ತ್ರಿಯಮ್ಮನ ಮಾತನ್ನೇ ಇಟ್ಟುಕೊಂಡರು. ಸಂದರ್ಶನ ಸಿಕ್ಕಿದಾಗಲೆಲ್ಲ ಹಾಡುಗಾರ ಅದೇ ಕತೆ ಹೇಳುತ್ತಿದ್ದ: “ನಾವು ಶೆಡ್ಡಲ್ಲಿ ಪ್ರಾಕ್ಟೀಸ್ ಮಾಡ್ತಿದ್ರೆ ಪಕ್ಕದ ಇಸ್ತ್ರಿ ಅಂಗಡಿಯಮ್ಮ ದಿನಾ ಬಂದು ‘ಸಾಕು ನಿಲ್ಸಿ’ ಅಂತ ಕಿರುಚೋರು!” ಜನ ಬಿದ್ದು ಬಿದ್ದು ನಗುತ್ತಿದ್ದರು. ಕಾರ್ಯಕ್ರಮದಲ್ಲಿ ಇನ್ನೊಂದು ಹಾಡು ಬೇಕಾದರೆ ಸಾವಿರ ಮಂದಿ ಒಟ್ಟಿಗೆ “ಸಾಕು ನಿಲ್ಸಿ” ಎಂದು ಕೂಗುತ್ತಿದ್ದರು. ಹಾಗೇ ಶಾಲೆಯಲ್ಲಿ ಮಗಳಿಗೂ ‘ಸಾಕುನಿಲ್ಸಿ ಮರಿ’ ಎಂಬ ಹೆಸರು ಅಂಟಿತು.

ಇಸ್ತ್ರಿಯಮ್ಮ ಮಾತ್ರ ತುಟಿ ಪಿಟಿಕ್ಕೆನ್ನಲಿಲ್ಲ. ಬಟ್ಟೆ ತಂದವರು ಬೇಕೆಂದೇ ಕೆಣಕಿದರೂ “ಸಾಯಂಕಾಲ ಬಂದು ತಗೊಂಡು ಹೋಗಿ” ಎನ್ನುತ್ತಿದ್ದಳು, ಅಷ್ಟೇ. ಬಾಯಿಬಡುಕಿ ಎನಿಸಿಕೊಂಡ ಹೆಂಗಸಿಗೆ ತಿರುಗಿ ಬೈಯಲು ಬಾರದಲ್ಲ ಎಂದು ಮಗಳಿಗೆ ಅವಳ ಮೇಲೆಯೇ ಸಿಟ್ಟು.

ಬ್ಯಾಂಡಿನ ಡ್ರಮ್ಮರ್ ಬಂದಾಗ ಮಗಳ ಕೈಯಲ್ಲಿ ಚಾಕು ಇನ್ನೂ ಇತ್ತು. ಎದುರುಮನೆಯಲ್ಲೇ ಬೆಳೆದವನು. ಈಗ ಗಡ್ಡ ನರೆತಿತ್ತು.

“ಯಾವ ಮುಖ ಇಟ್ಕೊಂಡು ಬಂದೆ?”

“ಒಂದ್ಸಲ ನೋಡಿ ಹೋಗ್ತೀನಿ, ತಂಗಿ.”

“ಏನು ನೋಡ್ತೀಯ? ಊರೆಲ್ಲ ಅವಳನ್ನ ನೋಡಿ ನಗೋ ಹಾಗೆ ಮಾಡಿದ್ರಿ. ಅದರಲ್ಲೇ ಹೊಟ್ಟೆ ಹೊರ್ಕೊಂಡ್ರಿ.”

“ಸಾವಿನ ಮನೇಲಿ ಜಗಳ ಬೇಡ ಕಣಮ್ಮ,” ಎಂದ ಕ್ಷೌರದಂಗಡಿಯವನು.

ಡ್ರಮ್ಮರ್ ತಲೆ ಎತ್ತಲಿಲ್ಲ. “ಅವರು ಯಾವತ್ತೂ ನಮಗೆ ಬೈದಿಲ್ಲ. ಆ ಮಾತು ಅಂದಿದ್ದು ನಮಗಲ್ಲ, ನಮ್ಮಪ್ಪನಿಗೆ.”

*

ಆ ದಿನ, ಆಗಿನ್ನೂ ಹುಡುಗನಾಗಿದ್ದ ಡ್ರಮ್ಮರ್ ಪರೀಕ್ಷೆಗೆ ಹೋಗದೆ ಶೆಡ್ಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದ. ವಿಷಯ ತಿಳಿದ ಅಪ್ಪ ಅವನನ್ನು ಮನೆಗೆ ಎಳೆದುತಂದು ಬೆಲ್ಟು ಬಿಚ್ಚಿದ. ಅದೇನೂ ಮೊದಲ ಸಲವಲ್ಲ. ಏಟಿನ ಸದ್ದು ಕೇಳಿದೊಡನೆ ಗಲ್ಲಿಯವರು ಕಿಟಕಿ ಮುಚ್ಚಿಕೊಳ್ಳುವುದು ರೂಢಿಯಾಗಿತ್ತು.

ಉರಿಯುವ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಹತ್ತಿರ ಬಿಟ್ಟು ಹೋಗಬಾರದು ಎಂಬುದು ಇಸ್ತ್ರಿಯಮ್ಮನ ನಿಯಮ. ಹಾಗಾಗಿ ಅದನ್ನು ಹಿಡಿದುಕೊಂಡೇ ರಸ್ತೆ ದಾಟಿ ಬಂದಳು. ತೂತುಗಳಲ್ಲಿ ಕೆಂಡ ಕಾಣುತ್ತಿತ್ತು.

“ಸಾಕು, ನಿಲ್ಸಿ,” ಎಂದಳು. ಕಿರುಚಲಿಲ್ಲ.

“ನನ್ನ ಮಗ, ನಾನು ಹೊಡೀತೀನಿ. ನಿನಗೇನು?”

ಅವಳು ಕದಲಲಿಲ್ಲ. ಕೊನೆಗೆ ಕೆಳಗಿಳಿದದ್ದು ಬೆಲ್ಟೇ. ಆಗ ಮಾತ್ರ ಗಲ್ಲಿಯವರು ಒಬ್ಬೊಬ್ಬರಾಗಿ ಬಂದು ಏನಾಯಿತೆಂದು ವಿಚಾರಿಸಿದರು. ಹುಡುಗನ ತಾಯಿ ಬಾಗಿಲ ಹಿಂದೆ ಸೆರಗು ಕಚ್ಚಿ ನಿಂತದ್ದನ್ನು ಇಸ್ತ್ರಿಯಮ್ಮ ನೋಡಿದಳು.

“ಏನಿಲ್ಲ. ಹುಡುಗರ ಗಲಾಟೆ ತಡೀಲಾರದೆ ಬೈಯೋಕೆ ಬಂದೆ,” ಎಂದಳು.

ಮುಂದೆ ಬ್ಯಾಂಡಿಗೆ ಹೆಸರು ಹುಡುಕುವಾಗ ಆ ಮಾತನ್ನು ಸೂಚಿಸಿದವನು ಡ್ರಮ್ಮರೇ. ಯಾಕೆಂದು ಉಳಿದವರಿಗೆ ಹೇಳಲಿಲ್ಲ. ಅವರು ಗಲ್ಲಿಯ ಮಾತನ್ನೇ ನಂಬಿದರು.

*

“ಹಾಗಿದ್ರೆ ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?” ಎಂದಳು ಮಗಳು.

“ನಮ್ಮಪ್ಪ ಹೋದ್ಮೇಲೆ, ಇನ್ನಾದ್ರೂ ಹೇಳ್ಬಿಡ್ತೀನಿ ಅಂತ ಅವರ ಹತ್ರ ಬಂದಿದ್ದೆ. ‘ನಿಮ್ಮಮ್ಮ ಇನ್ನೂ ಇದಾಳಲ್ಲೋ. ಗಂಡನ ವಿಷಯ ಊರು ಆಡ್ಕೊಳ್ಳೋದನ್ನ ಅವಳ್ಯಾಕೆ ಕೇಳ್ಬೇಕು? ನಂಗೇನು, ಬಾಯಿಬಡುಕಿ ಅಂತಾರೆ, ಅನ್ಲಿ ಬಿಡು’ ಅಂದ್ರು.”

ಬಾಗಿಲೊಳಗೆ ಗೋಡೆಗೊರಗಿ ಕೂತಿದ್ದ ಡ್ರಮ್ಮರನ ತಾಯಿ ಎಲ್ಲವನ್ನೂ ಕೇಳಿಸಿಕೊಂಡಳು.

“ಈಗ ಹೇಳೋ,” ಎಂದಳು ಮುದುಕಿ. “ಎಲ್ಲರಿಗೂ ಹೇಳು. ಆವತ್ತು ಆ ಬಾಗಿಲಿಂದ ಈಚೆ ಬರಬೇಕಾಗಿದ್ದೋಳು ನಾನು. ಬಂದೋಳು ಅವಳು.”

ಕ್ಷೌರದಂಗಡಿಯವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಆ ದಿನ ಅವನೂ ಕಿಟಕಿ ಮುಚ್ಚಿದ್ದ.

ಮಗಳು ಒಳಗೆ ಹೋಗಿ ಶವಪೆಟ್ಟಿಗೆಯ ಬಳಿ ಕುಸಿದು ಕೂತಳು. “ನಂಗಾದ್ರೂ ಹೇಳ್ಬಾರ್ದಿತ್ತಾ, ಅಮ್ಮ? ನಾನೂ ಅವರ ಜೊತೆ ಸೇರ್ಕೊಂಡು ನಿನ್ನನ್ನೇ ಬೈದೆನಲ್ಲ.” ಬೆಳಗಿನಿಂದ ಬಾರದಿದ್ದ ಅಳು ಈಗ ತಡೆಯಿಲ್ಲದೆ ಬಂತು.

ಹೊರಡುವ ಹೊತ್ತಾಯಿತು. ಶವಪೆಟ್ಟಿಗೆಯ ಮುಂದಿನ ಒಂದು ಬದಿಗೆ ಮಗಳು ನಿಂತಳು. ಬಾಗಿಲಾಚೆ ಉಳಿದಿದ್ದ ಡ್ರಮ್ಮರನನ್ನು ನೋಡಿ, “ಆ ಕಡೆ ನೀನು ಬಾ, ಅಣ್ಣ,” ಎಂದಳು.

ಗಲ್ಲಿಯ ಗಂಡಸರು ಹಿಂದೆ ಭುಜ ಕೊಟ್ಟರು. ಅವರೆಲ್ಲ ತೊಟ್ಟಿದ್ದು ಆ ವಾರ ಇಸ್ತ್ರಿಯಮ್ಮನೇ ಒತ್ತಿ ಮಡಚಿಟ್ಟಿದ್ದ ಅಂಗಿಗಳು. ತೋಳಿನ ಮೇಲೆ ಅವಳು ಎಳೆದ ಗೆರೆ ಇನ್ನೂ ನೆಟ್ಟಗಿತ್ತು. ಶವಪೆಟ್ಟಿಗೆ ಮೇಲೇರಿ ಭುಜದ ಮೇಲೆ ಕೂತಾಗ ಬಟ್ಟೆ ಸುಕ್ಕಾಯಿತು. ಯಾರೂ ಅದನ್ನು ಸರಿಮಾಡಿಕೊಳ್ಳಲಿಲ್ಲ.