ಒಣ ಹೊಟ್ಟೆಯ ಬಂಧುಗಳು

ನಾನು ಒಂದು ಮರುಭೂಮಿ ಇಲಿ. ಈಗ ಒಳಗೆಲ್ಲ ಹತ್ತಿ. ಹುಟ್ಟಿದ್ದು ಥಾರ್ ಮರಳಿನ ಬಿಲದಲ್ಲಿ. ಬದುಕಿದ್ದಷ್ಟು ದಿನ ನೀರು ಕುಡಿದವನಲ್ಲ. ಪ್ರವಾಸಕ್ಕೆ ಬಂದ ಪ್ರಾಧ್ಯಾಪಕರೊಬ್ಬರು ನನ್ನನ್ನು ಹಿಡಿದು, ತೊಗಲು ಬಿಡಿಸಿ, ಹತ್ತಿ ತುಂಬಿ ಹೊಲಿದು, ಗದಗಿನ ಕಾಲೇಜೊಂದರ ಗಾಜಿನ ಕಪಾಟಿನಲ್ಲಿ ನಿಲ್ಲಿಸಿದರು. ಅವರು ನಿವೃತ್ತರಾದರು, ನಾನು ಆಗಲಿಲ್ಲ.

ಕಪಾಟಿನ ಉಸ್ತುವಾರಿ ಅಟೆಂಡರ್ ಫಕ್ಕೀರಪ್ಪನದು. ಈ ವರ್ಷ ತಪಾಸಣಾ ಸಮಿತಿ ಬರುತ್ತದೆಂದು ಅವನು ನನ್ನ ಕಾಲಬುಡದ ನುಸಿ ಗುಳಿಗೆಗಳನ್ನೆಲ್ಲ ಬಳಿದು ಸಿಬ್ಬಂದಿಯ ಶೌಚಾಲಯಕ್ಕೆ ಹಾಕಿದ. ಸಮಿತಿ ಮೆಚ್ಚಿ ಹೋಯಿತು. ಹಿಂದೆಯೇ ಬಟ್ಟೆ ತಿನ್ನುವ ಜಾತಿಯ ಪುಟ್ಟ ಪತಂಗವೊಂದು ಬಂದು ನನ್ನ ರೋಮದಲ್ಲಿ ಮೊಟ್ಟೆಯಿಟ್ಟಿತು. ಮರಿಹುಳುಗಳು ಮೇಯುವ ಸದ್ದು ನನಗೊಬ್ಬನಿಗೇ ಕೇಳುತ್ತಿತ್ತು. ಹುಳ ಕಂಡರೆ ಸುಡುವುದು ಇಲ್ಲಿನ ಪದ್ಧತಿ. ಪಕ್ಕದ ಕಾಡುಬೆಕ್ಕು ಹಾಗೆಯೇ ಹೋಗಿತ್ತು.

ಪ್ರಾಣಿಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯ ದಿನ ನನ್ನನ್ನು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಸೂಜಿ ಚುಚ್ಚಿದ, ಅದೇ ಜಾತಿಯ ಪತಂಗ. ಎದುರಿಗೆ ವಿದ್ಯಾರ್ಥಿನಿ ಹುಲಿಗೆಮ್ಮ: ಎರಡು ಸಲ ಫೇಲಾದವಳು, ಇದೇ ಕೊನೆಯ ಅವಕಾಶ.

ಬೇರೆ ಊರಿನಿಂದ ಬಂದ ಪರೀಕ್ಷಕಿ ಕೇಳಿದರು: "ಇವೆರಡಕ್ಕೂ ಏನ್ ಸಾಮ್ಯ ಅದ, ಹೇಳವಾ."

"ಎರಡೂ ಸತ್ತಾವ್ರಿ ಮೇಡಂ."

"ಅದು ನನಗೂ ಕಾಣಸ್ತದ. ಮುಂದ?"

ಹುಲಿಗೆಮ್ಮ ನನ್ನನ್ನೊಮ್ಮೆ, ಪತಂಗವನ್ನೊಮ್ಮೆ ನೋಡಿದಳು. ಅವಳ ಸರದಿ ಮುಗಿಯುವ ಗಂಟೆಗೆ ಅರ್ಧ ನಿಮಿಷ. ಆಗಲೇ ನನ್ನ ಹೊಟ್ಟೆಯ ಹೊಲಿಗೆಯಿಂದ ಹುಳವೊಂದು ತಲೆ ಹೊರಹಾಕಿತು. ನಾನು ಅಲುಗಾಡದೆ ನಿಂತೆ. ಹತ್ತಿ ತುಂಬಿದವನಿಗೆ ಬೇರೆ ದಾರಿಯೂ ಇಲ್ಲ. ಅವಳ ಕಣ್ಣು ಅದರ ಮೇಲೆ ಬಿತ್ತು. ಇಂಥ ಒಣ ಮೈಯಲ್ಲಿ ಇದು ಹೇಗೆ ಬದುಕಿದೆ ಎಂದು ಹುಬ್ಬು ಗಂಟಿಕ್ಕಿದಳು.

"ನೀರು, ಮೇಡಂ! ಎರಡಕ್ಕೂ ಕುಡಿಯಾಕ ನೀರು ಬ್ಯಾಡ್ರಿ. ಇಲಿ ಒಣ ಕಾಳು ತಿಂದು ಮೈಯಾಗ ನೀರು ಮಾಡ್ಕೊಂತೈತಿ. ಪತಂಗದ ಮರಿಹುಳ ಒಣ ಕೂದಲಾ ತಿಂದು ಮಾಡ್ಕೊಂತೈತಿ. ನೋಡ್ರಿ, ಇಲ್ಲೇ ತಿನ್ನಾಕತ್ತೈತಿ!"

ಪರೀಕ್ಷಕಿ ಕನ್ನಡಕ ಏರಿಸಿ ಬಗ್ಗಿದರು. "ಶಹಬ್ಬಾಸ್," ಎಂದು ಅಂಕ ಬರೆದರು. ಆಮೇಲೆ ತಿರುಗಿ, "ಗುಳಿಗಿ ಹಾಕಿಲ್ಲೇನ್ರಿ, ಫಕ್ಕೀರಪ್ಪ?"

"ಹಾಕೀನ್ರಿ ಮೇಡಂ. ಬ್ಯಾರೆ ಕಡೆ."

"ಸುಟ್ಟುಬಿಡ್ರಿ ಇದನ್ನ."

ಈಗ ಕಾಲೇಜಿನ ಹಿತ್ತಲಿನ ಕಸದ ಗುಂಡಿಯಲ್ಲಿದ್ದೇನೆ. ಹುಳುಗಳು ಮೇಯುತ್ತಲೇ ಇವೆ. ಅವಕ್ಕೆ ಸುದ್ದಿ ಮುಟ್ಟಿಲ್ಲ. ಇಷ್ಟು ವರ್ಷ ಸಸ್ತನಿಗಳ ಸಾಲಿನಲ್ಲಿ ನಿಂತು ಕೆಳಗಿನ ಕೀಟಗಳನ್ನು ಕೀಳಾಗಿ ನೋಡಿದ್ದೆ. ನನ್ನನ್ನು ತಿನ್ನುವವರೂ ನನ್ನಂತೆಯೇ ಬದುಕುವವರು ಎಂದು ಮೊದಲೇ ಗೊತ್ತಿದ್ದರೆ ಮಾತಾದರೂ ಆಡಿಸುತ್ತಿದ್ದೆ.

ಫಕ್ಕೀರಪ್ಪ ಕಡ್ಡಿ ಗೀರುತ್ತಿದ್ದಾನೆ. ಗೋಡೆಯಾಚೆ ಹುಲಿಗೆಮ್ಮ ಮನೆಗೆ ಫೋನ್ ಮಾಡುತ್ತಿದ್ದಾಳೆ: "ಯವ್ವಾ, ಈ ಸಲ ಪಾಸ್ ನೋಡು! ಯಾರು ಹೇಳಿಕೊಟ್ರು ಅಂತೀ? ಒಂದು ಹುಳ!"

ನನ್ನ ಹೆಸರು ಬರಲಿಲ್ಲ.