ಅಗ್ಗದ ಸೈನ್ಯ

ನಾನು ಅಂಗಡಿ ಬೋರ್ಡು ಬರೆಯುವವನು. ಅಕ್ಷರ ಕೂದಲೆಳೆಯಷ್ಟು ಡೊಂಕಾದರೂ ನನಗೆ ಊಟ ಸೇರುವುದಿಲ್ಲ. ಬೇರೆಯವರು ಬರೆದ ಕೆಟ್ಟ ಬೋರ್ಡು ಕಂಡರೆ ರಸ್ತೆಯಲ್ಲೇ ನಿಂತು ಬೈಯುವ ಚಾಳಿ. ಈ ಚಾಳಿಯೇ ನನ್ನ ಮರ್ಯಾದೆ ತೆಗೆಯಿತು ಅಂತ ಮೊದಲೇ ಹೇಳಿಬಿಡುತ್ತೇನೆ.

ನನಗೂ ನನ್ನ ಅಣ್ಣನಿಗೂ ಒಂದೇ ಹುಚ್ಚು. ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಪ್ಲಾಸ್ಟಿಕ್ ಸೈನಿಕರನ್ನು ಅಂಟಿಸಿ, ಬಣ್ಣ ಬಳಿದು, ಮೇಜಿನ ಮೇಲೆ ಎದುರುಬದುರು ನಿಲ್ಲಿಸಿ, ಅಳತೆ ಟೇಪು ಹಿಡಿದು ಸರಿಸುತ್ತ, ದಾಳ ಹಾಕಿ ಯುದ್ಧ ಮಾಡುವುದು. ಇಪ್ಪತ್ತಾರು ವರ್ಷ ನಮ್ಮ ಭಾನುವಾರಗಳು ಹೀಗೇ ಹೋದವು. ಅಣ್ಣ ಹೊಲಿಗೆ ಮೆಷಿನ್ನು ರಿಪೇರಿ ಮಾಡುತ್ತಿದ್ದ. ಸಾಸಿವೆಯಂಥ ಸ್ಕ್ರೂ ಹಿಡಿದು ಪಳಗಿದ ಕೈ. ಅವನು ಬಳಿದ ಸೈನಿಕರ ಕಣ್ಣಲ್ಲಿ ಗುಡ್ಡೆ ಕೂಡ ಕಾಣುತ್ತಿತ್ತು. ನಮ್ಮ ಮೇಜಿಗೆ ಅವನು ಹಾಕಿದ್ದ ಕಾನೂನು ಒಂದೇ: ಬಣ್ಣ ಬಳಿಯದ ಸೈನಿಕ ಮೇಜು ಹತ್ತಬಾರದು. ಒಂದು ಸಲ ನನ್ನ ಸೇನಾಪತಿಯ ಬೂಟಿಗೆ ಬಣ್ಣವಾಗಿಲ್ಲವೆಂದು ಆ ಮಹಾಶಯನನ್ನು ಆಟ ಮುಗಿಯುವವರೆಗೂ ಕಿಟಕಿಯಲ್ಲಿ ನಿಲ್ಲಿಸಿದ್ದ.

ಹೋದ ವರ್ಷ ಅಣ್ಣನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಮುರಿದು ಮುರಿದು ಬರತೊಡಗಿತು. ಅದೇ ಹೊತ್ತಿಗೆ ಊರೆಲ್ಲ ಮೆಷಿನ್ನಿನಲ್ಲಿ ಛಾಪಿಸಿದ ಬೋರ್ಡುಗಳೇ ಆಗಿ, ಅಂಗಡಿ ಬಾಡಿಗೆಗೆಂದು ನಾನು ನನ್ನ ಸೈನ್ಯವನ್ನು ಮಾರಿದೆ. ಭಾನುವಾರ ಅಣ್ಣನ ಮನೆಗೆ ಹೋಗುವುದೂ ನಿಂತಿತು. ಆಡಲು ಸೈನ್ಯವಿಲ್ಲ ಎನ್ನುವುದು ನೆಪ. ಒಂದು ಮಾತಿಗಾಗಿ ಬಾಯಿ ಒದ್ದಾಡುವ ಅಣ್ಣನನ್ನು ಕೂತು ನೋಡುವ ಧೈರ್ಯ ನನಗಿರಲಿಲ್ಲ, ಅಷ್ಟೇ. ತಿಂಗಳಿಗೊಮ್ಮೆ ಹೋಗಿ ನಿಂತ ನಿಲುವಿನಲ್ಲೇ ಮಾತಾಡಿಸಿ ಬರುತ್ತಿದ್ದೆ.

ಹೀಗಿರುವಾಗ ಅತ್ತಿಗೆ ಫೋನ್ ಮಾಡಿದರು.

"ಇವರು ನಿನ್ ಜೊತೆ ಆಡ್ಬೇಕಂತೆ ಕಣೋ. ದಿನಾ ಅದನ್ನೇ ಹೇಳ್ತಾರೆ."

"ಸೈನ್ಯ ಎಲ್ಲಿದೆ ಅತ್ತಿಗೆ? ಹೊಸದು ಕಟ್ಬೇಕು. ಕೈ ಬೇರೆ ಖಾಲಿ. ಸ್ವಲ್ಪ ಟೈಮ್ ಕೊಡಿ."

ಫೋನ್ ಇಟ್ಟ ಮೇಲೆ ನಾಚಿಕೆಯಾಯಿತು. ಅಣ್ಣ ಇನ್ನೆಷ್ಟು ದಿನ ಆಡಿಯಾನು? ಹಳೆ ಕ್ಯಾಲೆಂಡರಿನ ಬೆನ್ನ ಮೇಲೆ ಪ್ಲಾನು ಹಾಕಲು ಕೂತೆ. ಈ ಆಟದಲ್ಲಿ ಪ್ರತಿ ಸೈನಿಕನಿಗೂ ಅವನ ಬಲದಷ್ಟು ಪಾಯಿಂಟು. ಎರಡೂ ಕಡೆ ಒಟ್ಟು ಸಮನಾಗಬೇಕು. ಅಣ್ಣನದು ಐನೂರು ಪಾಯಿಂಟಿನ ಕೆಂಪು ಕುದುರೆ ದಂಡು. ಅದಕ್ಕೆ ಸರಿಸಾಟಿಯಾಗಿ ನಾನೂ ಬರೀ ಕವಚದ ಸವಾರರನ್ನು ನಿಲ್ಲಿಸಿದರೆ ಜನ ಕಡಿಮೆ ಸಾಕು, ಆದರೆ ಒಬ್ಬೊಬ್ಬ ಸವಾರನ ಬೆಲೆಗೆ ನನ್ನ ವಾರದ ತರಕಾರಿ ಬರುತ್ತದೆ. ಭರ್ಜಿಯವರು ಅಗ್ಗ, ಆದರೆ ನಲವತ್ತು ಜನ ಬೇಕು. ಭರ್ಜಿಯವರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಹೊಂದಿಸಿ, ಉಳಿದ ದುಡ್ಡಿಗೆ ಮುಂದಿನ ಆಟಗಳಿಗೆಂದು ಆರು ಸವಾರರನ್ನು ಕೊಳ್ಳುವುದೆಂದು ಬರೆದೆ. ಗುಡ್ಡಕ್ಕೆ ಥರ್ಮೊಕೋಲ್, ಮರಗಳಿಗೆ ಪಾತ್ರೆ ತಿಕ್ಕುವ ಸ್ಪಂಜು. ಬಣ್ಣಕ್ಕೇನು ಬರ, ಬೋರ್ಡಿನ ಡಬ್ಬಗಳ ತಳದಲ್ಲಿ ಬೇಕಾದಷ್ಟಿತ್ತು.

ಎರಡು ದಿನ ಬಿಟ್ಟು ಅತ್ತಿಗೆ ಕೆಲಸದ ಕಡೆ ಕರೆದರು. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಎಣಿಸಿ ಕೊಡುವ ಕೆಲಸ ಅವರದು. ಕಿಟಕಿಯಿಂದಲೇ ಒಂದು ಶೂ ಡಬ್ಬ ಕೊಟ್ಟರು.

"ನಿನ್ ಹೊಸ ಸೈನ್ಯಕ್ಕೆ ಅಂತ ಕೊಟ್ಟಿದಾರೆ. ಬೀಳಿಸ್ಬೇಡ."

ಅಂಗಡಿಗೆ ಬಂದು ತೆರೆದರೆ ಸರಿಯಾಗಿ ನಲವತ್ತು ಭರ್ಜಿಯವರು! ಕುಣಿದಾಡುವಷ್ಟು ಖುಷಿ. ಆದರೆ ಆ ಬಣ್ಣ! ಯಾವನೋ ಸಾರಿನಲ್ಲಿ ಅದ್ದಿ ತೆಗೆದ ಹಾಗಿತ್ತು. ಮುಖದ ಬಣ್ಣ ಕೊರಳಿಗೆ, ಕೊರಳಿನದು ಗುರಾಣಿಗೆ ಇಳಿದಿತ್ತು. ಒಬ್ಬನಿಗಂತೂ ಒಂದು ಕಣ್ಣು ಕೆನ್ನೆಯ ಮೇಲಿತ್ತು. ಅಣ್ಣ ಎಲ್ಲೋ ಕಡಿಮೆಗೆ ಸಿಕ್ಕಿತೆಂದು ಹಿಡಿದಿರಬೇಕು ಅಂದುಕೊಂಡೆ. ಪಕ್ಕದ ಕೀಲಿ ಅಂಗಡಿಯವನಿಗೆ ಆ ಕೆನ್ನೆಗಣ್ಣನನ್ನು ತೋರಿಸಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. "ಇದನ್ನ ಬಳಿದವನ ಕೈ ಕಡೀಬೇಕು," ಎಂದೆ. ಹೌದು, ಹಾಗೆಯೇ ಎಂದೆ.

ಹಳೆ ಬಣ್ಣದ ಮೇಲೆ ಹೊಸದು ಬಳಿದರೆ ಮೂಗು ಬಾಯಿ ಎಲ್ಲ ಮುಚ್ಚಿಹೋಗುತ್ತದೆ. ನಲವತ್ತನ್ನೂ ನೆಲ ಒರೆಸುವ ಕ್ಲೀನರಿನ ಬಕೆಟ್ಟಿನಲ್ಲಿ ಮುಳುಗಿಸಿ ಎರಡು ದಿನ ಬಿಟ್ಟೆ. ಮೂರನೆಯ ದಿನ ಹಲ್ಲುಜ್ಜುವ ಬ್ರಷ್ಷಿನಿಂದ ಒಬ್ಬೊಬ್ಬರನ್ನೇ ತಿಕ್ಕಿದೆ. ಬಣ್ಣವೆಲ್ಲ ಸಿಪ್ಪೆಯಂತೆ ಎದ್ದು ಬಂತು. ಆ ಕಂದು ನೀರನ್ನು ಮೋರಿಗೆ ಚೆಲ್ಲಿದೆ. ಆಮೇಲೆ ಮೂರು ವಾರ ಜೀವ ತೇದು ಬಳಿದೆ: ನೀಲಿ ಗುರಾಣಿ, ಹಳದಿ ಅಂಚು, ಕಣ್ಣಲ್ಲಿ ಗುಡ್ಡೆ. ಅಣ್ಣ ಬೆರಗಾಗಬೇಕು ಎನ್ನುವುದೊಂದೇ ಆಸೆ. ಅವನೊಮ್ಮೆ ಬೆರಗಾದರೆ, ನಾನು ತಪ್ಪಿಸಿದ ಭಾನುವಾರಗಳೆಲ್ಲ ಚುಕ್ತಾ ಆಗುತ್ತವೆ ಎಂಬ ಹುಚ್ಚು ಲೆಕ್ಕ.

ಆ ಭಾನುವಾರ ಬೆಳಿಗ್ಗೆ ಹೋದೆ. ಹಾಲಿನಲ್ಲೇ ಮಂಚ ಹಾಕಿದ್ದರು. ಕಿಟಕಿ ಪಕ್ಕ ಮೇಜು, ಅದರ ಮುಂದೆ ಕುರ್ಚಿಯಲ್ಲಿ ಅಣ್ಣ, ತೊಡೆಯ ಮೇಲೆ ಶಾಲು. ಇಳಿದುಹೋಗಿದ್ದ. ನಾನು ಭರ್ಜಿಯವರನ್ನು ಸಾಲಾಗಿ ನಿಲ್ಲಿಸಿದೆ. ಅಣ್ಣ ನೋಡಿದ. ಈ ತುದಿಯಿಂದ ಆ ತುದಿಗೆ, ಮತ್ತೆ ಆ ತುದಿಯಿಂದ ಈ ತುದಿಗೆ.

"ನಂದು... ಎಲ್ಲಿ?"

ನನಗೆ ತಿಳಿಯಲಿಲ್ಲ. ಟೀ ತಂದ ಅತ್ತಿಗೆ ನನ್ನ ಮುಖ ನೋಡಿದರು.

"ಇವರು ಬಳಿದಿದ್ದನ್ನ ತರ್ಲಿಲ್ವೇನೋ? ಅವತ್ತು ಕೊಟ್ನಲ್ಲ? ಎಡಗೈಲಿ ಎಂಟು ತಿಂಗಳು ಕೂತು ಬಳಿದ್ರು. ವಾರಕ್ಕೆ ಒಬ್ಬ ಇಲ್ಲ ಇಬ್ಬರು, ಅಷ್ಟೇ ಆಗ್ತಿದ್ದಿದ್ದು. ಬ್ರಷ್ಷನ್ನ ನಾನು ಬೆರಳಿಗೆ ಕಟ್ಟಿಕೊಡ್ತಿದ್ದೆ. ಅವನಿಗೆ ಸೈನ್ಯ ಇಲ್ಲ, ಅದಕ್ಕೇ ಬರ್ತಿಲ್ಲ ಅಂತ ಹೇಳೋರು. ಯಾರು ಬಳಿದಿದ್ದು ಅಂತ ಅವನೇ ಕಂಡುಹಿಡೀಲಿ, ನೀನು ಹೇಳ್ಬೇಡ ಅಂದಿದ್ರು."

ಮೇಜಿನ ಮೇಲೆ ಅವರೇ ನಿಂತಿದ್ದರು, ನಾನು ತಿಕ್ಕಿ ತೊಳೆದ ಮೈ ಮೇಲೆ ನನ್ನ ನೀಲಿ ಬಣ್ಣ ಹೊತ್ತು. ನಿಜ ಹೇಳಲು ಬಾಯಿ ತೆರೆದೆ, ಸುಳ್ಳು ಬಂತು.

"ಅವು ಮನೇಲಿವೆ ಅಣ್ಣ, ಜೋಪಾನವಾಗಿ. ಇವು ನಾನೇ ಬೇರೆ ಕೊಂಡಿದ್ದು."

ಅಣ್ಣನ ಅರ್ಧ ಮುಖ ನಕ್ಕಿತು. "ಮುಂದಿನ್ ವಾರ... ತಾ."

ಆವತ್ತು ಆಡಿದೆವು. ಅಣ್ಣನ ಪಾಲಿನ ದಾಳ ಅತ್ತಿಗೆ ಹಾಕಿದರು. ಯಾರು ಗೆದ್ದರು ಎನ್ನುವುದು ನನಗೆ ನೆನಪಿಲ್ಲ.

ಸೋಮವಾರ ಕ್ಯಾಲೆಂಡರಿನ ಪ್ಲಾನಿನಿಂದ ಆರು ಸವಾರರನ್ನು ಹೊಡೆದುಹಾಕಿದೆ. ಆ ದುಡ್ಡಿಗೆ ಅದೇ ಭರ್ಜಿಯವರ ಇಪ್ಪತ್ತರ ಪೆಟ್ಟಿಗೆ ಒಂದೇ ಬಂತು. ಉಳಿದ ಇಪ್ಪತ್ತಕ್ಕೆ ಇನ್ನೊಂದು ಸುಳ್ಳು ಹೇಳಿದರಾಯಿತು. ಅಂಗಡಿಯ ಅರ್ಧ ಬಾಗಿಲು ಎಳೆದು, ಬ್ರಷ್ಷನ್ನು ಎಡಗೈಗೆ ಕಟ್ಟಿಕೊಂಡು ಕೂತೆ. ಮೊದಲು ಕೆನ್ನೆಗಣ್ಣ. ಅವನು ಮಾತ್ರ ನೆನಪಿದ್ದ, ನಕ್ಕಿದ್ದೆನಲ್ಲ. ಎರಡನೆಯವನನ್ನು ಎತ್ತಿಕೊಂಡೆ. ಇವನ ಗುರಾಣಿ ಯಾವ ಬಣ್ಣವಿತ್ತು? ಹಸಿರೋ, ಕಂದೋ? ಮೇಲಂಗಿ? ತಲೆ ಚಚ್ಚಿಕೊಂಡರೂ ಹೊಳೆಯಲಿಲ್ಲ. ಬಣ್ಣ ಕೆಟ್ಟದಾಗಿತ್ತು ಎನ್ನುವುದಷ್ಟೇ ನೆನಪಿತ್ತು. ಎಂಟು ತಿಂಗಳ ಕೆಲಸ ನನ್ನ ಕೈಯಲ್ಲಿ ಮೂರು ದಿನವಿತ್ತು, ನಾನು ಒಬ್ಬನನ್ನೂ ಸರಿಯಾಗಿ ನೋಡಿರಲಿಲ್ಲ. ಆಮೇಲೆ ತೋಚಿದ್ದನ್ನು ಬಳಿದೆ. ಬಳಿಯುತ್ತ ಅತ್ತೆ. ಕೀಲಿ ಅಂಗಡಿಯವನು ಇಣುಕಿ, ಏನಾಯ್ತು ಎಂದು ಕೇಳಿದ. ನಿನ್ನ ಕೆಲಸ ನೋಡ್ಕೋ ಹೋಗು ಎಂದು ಅವನ ಮೇಲೆ ಹರಿಹಾಯ್ದೆ.

ಭಾನುವಾರ ಆ ಇಪ್ಪತ್ತನ್ನು ಅಣ್ಣನ ಮುಂದೆ ಇಟ್ಟೆ. ಅತ್ತಿಗೆ ಕೆನ್ನೆಗಣ್ಣನನ್ನು ಎತ್ತಿ ಅಣ್ಣನ ಕಣ್ಣ ಹತ್ತಿರ ಹಿಡಿದರು. ಅಣ್ಣ ತುಂಬ ಹೊತ್ತು ನೋಡಿದ.

"ಇದು ನಂದಲ್ಲ," ಎಂದ. ಮುಂದಿನ ಮಾತಿಗೆ ಬಾಯಿ ಒದ್ದಾಡಿತು. ಈ ಸಲ ನಾನು ಬೇರೆ ಕಡೆ ನೋಡದೆ ಕಾದೆ. "ನಿನ್ ಎಡಗೈ... ನಂದಕ್ಕಿಂತ... ಕೆಟ್ಟದು."

ನಾನು ಅವನ ಮೊಣಕಾಲಿಗೆ ತಲೆಯಿಟ್ಟೆ. ಬಕೆಟ್ಟು, ಕ್ಲೀನರು, ಮೋರಿ, ಕೀಲಿ ಅಂಗಡಿಯವನ ಜೊತೆ ನಕ್ಕಿದ್ದು, ಕೈ ಕಡೀಬೇಕು ಅಂದಿದ್ದು, ಒಂದನ್ನೂ ಬಿಡದೆ ಹೇಳಿದೆ. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

"ಗೊತ್ತಾಯ್ತು... ಹೋದ ವಾರಾನೇ," ಎಂದ ಅಣ್ಣ. "ನಿನ್ ಮುಖ."

"ಇನ್ನೊಂದ್ಸಲ ಬಳಿ ಅಣ್ಣ. ಎಷ್ಟು ಬೇಕಾದ್ರೂ ತಂದ್ಕೊಡ್ತೀನಿ. ಬ್ರಷ್ ನಾನೇ ಕಟ್ತೀನಿ, ದಿನಾ ಬರ್ತೀನಿ."

ಅಣ್ಣ ಶಾಲಿನ ಕೆಳಗಿಂದ ಎಡಗೈಯನ್ನು ಮೆಲ್ಲಗೆ ಹೊರಗೆ ತಂದ. ಅದು ಗಡಗಡ ನಡುಗುತ್ತಿತ್ತು. ಬೆರಳುಗಳು ಒಂದಕ್ಕೊಂದು ಹೆಣೆದುಕೊಂಡಂತೆ ಮಡಚಿದ್ದವು.

"ಇದೂ... ಹೋಯ್ತು. ಹೋದ ತಿಂಗಳು."

ಹೋದ ವಾರ ಅವನ ದಾಳವನ್ನೆಲ್ಲ ಅತ್ತಿಗೆಯೇ ಏಕೆ ಹಾಕಿದರು ಎಂದು ನನಗೆ ಆಗ ಗೊತ್ತಾಯಿತು. ಎದುರಿಗೇ ಕೂತು ಅದನ್ನೂ ನಾನು ನೋಡಿರಲಿಲ್ಲ.

"ಆಡೋಣ," ಎಂದ ಅಣ್ಣ.

ನಾನು ಕೆಂಪು ಕುದುರೆಗಳನ್ನು ಅವನ ಕಡೆಯ ಅಂಚಿನಲ್ಲಿ ನಿಲ್ಲಿಸಿದೆ. ಆಮೇಲೆ ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತು, ಒಂದು ಕುದುರೆಯ ಮೇಲೆ ಬೆರಳಿಟ್ಟು ಅವನ ಮುಖ ನೋಡಿದೆ. ಎಲ್ಲಿಗೆ ಸರಿಸಬೇಕೆಂದು ಅವನು ಕಣ್ಣಲ್ಲೇ ತೋರಿಸಿದ.